ಅದು ಬಿತ್ತು

ಹಸ್ತಪ್ರತಿ ಬಂದದ್ದು ನವೆಂಬರಿನ ಒಂದು ಮಂಗಳವಾರ,
ಒಂಬೈನೂರ ಹನ್ನೆರಡು ಪುಟ, ಎರಡು ರಬ್ಬರ್ ಬ್ಯಾಂಡು.
ಕಾಗುಣಿತ ತಿದ್ದುವುದು, ಅಲ್ಪವಿರಾಮ ಹೆಕ್ಕುವುದು
ಲವ್‌ಡೇ ಟ್ರೆಗಿಯರ್ ಹೊಟ್ಟೆಪಾಡು.
ಕಿಟಕಿಯಾಚೆ ಕಾರ್ನ್‌ವಾಲಿನ ಕಡಲ ಬಂಡೆ,
ಮುಚ್ಚಿದ ತವರದ ಗಣಿಯ ಚಿಮಣಿ,
ಅದರ ತುದಿಗೊಂದು ಕಾಗೆ, ಗುತ್ತಿಗೆ ಹಿಡಿದಂತೆ.

ಹನ್ನೊಂದನೆಯ ಅಧ್ಯಾಯ.
ರಾಜಕುಮಾರ ಗುಹೆಗಿಳಿಯುತ್ತಾನೆ. ಅವನ ಕತ್ತಿಗೆ ಹೆಸರಿದೆ.
ಕುದುರೆಗೆ ಹೆಸರಿದೆ. ಕುದುರೆಯ ತಾಯಿಗೂ.
ಗಾಬ್ಲಿನ್‌ಗಳು ಸುಮ್ಮನೆ ಬರುತ್ತವೆ,
ಕಿರುಚುತ್ತವೆ, ಉರುಳುತ್ತವೆ,
ಹಸಿರು ಚರ್ಮ, ಹಳದಿ ಹಲ್ಲು, ಎಲ್ಲಕ್ಕೂ ಒಂದೇ ನಾತ.
ಪೆನ್ಸಿಲ್ಲಿನಲ್ಲಿ ಗೀಟೆಳೆದು ಎಣಿಸಿದಳು: ನಲವತ್ತಮೂರು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಅಂಚಿನಲ್ಲಿ ಬರೆದಳು:
ಇವು ಊಟಕ್ಕೇನು ಮಾಡುತ್ತವೆ? ಕತ್ತಲಲ್ಲಿ ಬೇಯಿಸುವುದು ಯಾರು?
ನೂರ ತೊಂಬತ್ತೆಂಟರಲ್ಲಿ ನಗಾರಿ ಇದೆ,
ಅದರ ಚರ್ಮ ಹದಮಾಡಿದ ಕೈ ಯಾವುದು?
ಇನ್ನೂರ ಮೂರರಲ್ಲಿ ಬಾಗಿಲು, ಬಾಗಿಲಿಗೆ ತಿರುಗಣಿ;
ಅಂದಮೇಲೆ ಬಡಗಿ ಇರಬೇಕು,
ಬಡಗಿಗೊಬ್ಬ ಸೋಮಾರಿ ಶಿಷ್ಯ,
ಅವನನ್ನು ಬೈಯಲು ಒಂದು ಭಾಷೆ.
ನೀವು ಕೊಟ್ಟಿರುವುದು 'ಗ್ರಾ' ಒಂದೇ.

ಲೇಖಕನ ಉತ್ತರ ಮರುದಿನವೇ. ಹಸನ್ಮುಖಿ ಮನುಷ್ಯ.
ಅವು ಹುಟ್ಟುವುದು ಕೆಸರಿನಿಂದ, ಮೇಡಂ. ತಾಯಿಯಿಲ್ಲ.
ಇದ್ದರೆ ಓದುವವರಿಗೆ ಪಾಪ ಅನಿಸಿಬಿಡುತ್ತದಲ್ಲ.

ಜೊತೆಗೆ ರಕ್ಷಾಪುಟದ ಕರಡು:
ಕೊಕ್ಕೆ ಮೂಗು, ಗೂನು ಬೆನ್ನು, ಎದೆಗವಚಿಕೊಂಡ ಹಣದ ಚೀಲ.
ಈ ಮೂಗನ್ನು ಅವಳು ಮೊದಲೇ ಕಂಡಿದ್ದಳು
ವಸ್ತುಸಂಗ್ರಹಾಲಯದ ಗಾಜಿನಡಿ, ಹಳೆಯ ಪತ್ರಿಕೆಯೊಂದರಲ್ಲಿ.
ಒಂದು ಇಡೀ ಬೀದಿಯನ್ನು ಖಾಲಿಮಾಡಿಸುವ ಮೊದಲು
ಯಾರೋ ನುರಿತ ಕೈಯವನು ಬರೆದದ್ದು.
ಅವನೂ ಮೂಗಿನಿಂದಲೇ ಶುರುಮಾಡಿದ್ದ.

ತಾತ ಡೆನ್ಜಿಲ್ ಗಾಬ್ಲಿನ್ ಎನ್ನುತ್ತಿರಲಿಲ್ಲ.
ಬಡಿಯುವವರು, ಎನ್ನುತ್ತಿದ್ದ. ಆ ಪುಟ್ಟ ಮಂದಿ.
ನೂರಾರು ಅಡಿ ಕೆಳಗೆ, ಕಡಲಿನ ತಳದಡಿ,
ಕಾರ್ಬೈಡ್ ದೀಪದ ಬೆಳಕಲ್ಲಿ ಪ್ಯಾಸ್ಟಿ ತಿಂದು
ಬೆರಳಿನ ಕೊಳೆ ತಾಗಿದ ದಪ್ಪ ಅಂಚನ್ನು
ಕಲ್ಲಿನ ಬಿರುಕಿನಲ್ಲಿಟ್ಟು ಬರುತ್ತಿದ್ದ.
ಕೊಡದಿದ್ದರೆ ಸುತ್ತಿಗೆ ಬಚ್ಚಿಡುತ್ತಾರೆ. ಶಿಳ್ಳೆ ಹಾಕಿದರೆ ಮುನಿಸು.
ಕೊಟ್ಟರೆ, ಬಂಡೆ ಕುಸಿಯುವ ಮುನ್ನ
ಟಕ್, ಟಕ್,
ಟಕ್.

ಒಂದು ಗುರುವಾರ ಬಡಿದರಂತೆ. ತಾತ ಓಡಿದ.
ಹಿಂದಿದ್ದ ಜೋರಿ ಪೆನ್‌ರೋಸ್,
ಇಂಥದ್ದನ್ನೆಲ್ಲ ನಂಬದ ಓದಿದ ಹುಡುಗ,
ಇನ್ನೂ ಅಲ್ಲೇ ಇದ್ದಾನೆ.
ಮರದ ಆಸರೆ ಬಿರಿದ ಸದ್ದದು, ಎಂದ ಇಂಜಿನಿಯರು.
ಇರಬಹುದು, ಎಂದ ತಾತ, ಅಂಚು ಮುರಿಯುತ್ತಾ.

ರಾತ್ರಿ ಎರಡು ಗಂಟೆ. ಮತ್ತೆ ಹನ್ನೊಂದಕ್ಕೆ ಮರಳಿದಳು.
ತಿದ್ದುವವಳಿಗೆ ಕಥೆ ಬದಲಿಸುವ ಹಕ್ಕಿಲ್ಲ.
ಪುಟ ಇನ್ನೂರ ಹದಿನಾಲ್ಕು, ಕೊನೆಯ ಸಾಲು:
ಬಾಗಿಲ ಬಳಿ ಒಂದು ಗಾಬ್ಲಿನ್ ಉಳಿದಿತ್ತು.
ತಿರುಗಿ ನೋಡಿತು. ಅದು ಬಿತ್ತು.
ಬಹಳ ಹೊತ್ತು ಕೂತಳು.
ಆಮೇಲೆ ಪೆನ್ಸಿಲ್ಲಿನ ಮೊನೆ ಚೂಪುಮಾಡಿಕೊಂಡು
ಉಳಿದಿತ್ತು ಹೊಡೆದು ಉಳಿದಿದ್ದಳು.
ನೋಡಿತು ಹೊಡೆದು ನೋಡಿದಳು.
ಅದು ಬಿತ್ತು, ಅಲ್ಲಿ ಕೈ ನಿಂತಿತು.
ಅವಳಾದ ಮೇಲೆ ಬೀಳಿಸುವುದು
ಅಷ್ಟು ಸುಲಭವಲ್ಲ.
ಅಂಚಿನಲ್ಲಿ ಒಂದೇ ಮಾತು: ಹೆಸರು?

ಬೆಳಿಗ್ಗೆ ಬಿಲ್ಲು ಕಳಿಸಿದಳು, ಒಪ್ಪಿದ ದರಕ್ಕೆ.
ತಿಂದುಳಿದ ಪ್ಯಾಸ್ಟಿಯ ಅಂಚು ಕಿಟಕಿಯ ಹೊರಗಿಟ್ಟಳು;
ಕಾಗೆ ತಿಂದಿತು, ಮತ್ತೇನೂ ಆಗಲಿಲ್ಲ.

ಪುಸ್ತಕ ಬಂತು. ಮೂಗು ಹಾಗೇ ಇತ್ತು, ಚಿನ್ನದ ಅಚ್ಚಿನಲ್ಲಿ.
ತಿದ್ದಿದ್ದನ್ನೆಲ್ಲ ಅವನು ಹಳೆಯದಕ್ಕೇ ತಿರುಗಿಸಿದ್ದ,
ಒಂದರ ಹೊರತು. ಕಣ್ತಪ್ಪಿರಬೇಕು.
ಅಚ್ಚಿನ ದೋಷವೆಂದು ಯಾರೋ ಪತ್ರವನ್ನೂ ಬರೆದರಂತೆ.
ಇನ್ನೂರ ಹದಿನಾಲ್ಕರ ಕೊನೆಗೆ, ಈಗಲೂ:
ಒಂದು ಗಾಬ್ಲಿನ್ ಉಳಿದಿತ್ತು.
ತಿರುಗಿ ನೋಡಿದಳು.
ಅದು ಬಿತ್ತು.