ಉಳಗಾ ಬಸ್ಸಿನ ಚಿಲ್ಲರೆ

ರಾತ್ರಿ ಡಿಪೋದಲ್ಲಿ ಕ್ಯಾಶ್ ಕಟ್ಟುವಾಗ
ಮಹಾಲೆಯವರು ಒಂದನ್ನು ಬೆರಳಿಂದ ಇತ್ತ ನೂಕಿದರು:
"ಇದು ಬೇಡ, ಬೇರೆ ಕೊಡು."

ಐದು ರೂಪಾಯಿ. ಹಳದಿ ಇರಬೇಕಾದದ್ದು
ಕಪ್ಪು. ಕಪ್ಪೂ ಅಲ್ಲ, ಓರೆ ಹಿಡಿದರೆ
ಅಂಚಿನಲ್ಲಿ ನೀಲಿ, ನೇರಳೆ,
ಆಗಷ್ಟೇ ಬಲೆಯಿಂದ ಬಿಡಿಸಿದ ಬಂಗಡೆಯ ಬೆನ್ನು.

ಕಿಸೆಯಿಂದ ಐದು ತುಂಬಿಕೊಟ್ಟು ಮನೆಗೆ ತಂದೆ.
ಬೂದಿಗೆ ಜಗ್ಗಲಿಲ್ಲ. ಹುಣಸೆ ತಿಕ್ಕಿದಲ್ಲಿ
ತಾಮ್ರದ ಹಾಗೆ ಕೆಂಪಾಯಿತು, ಹಳದಿಯಾಗಲಿಲ್ಲ.
ಉಲ್ಲಾಸ ರಾಯ್ಕರ ಒರೆಗೆ ಉಜ್ಜಿ, ಮೂಸಿ,
"ಬೆಂಕಿ ಕಂಡದ್ದು. ಯಾರದೋ ಮನೆ ಸುಟ್ಟಿರಬೇಕು" ಅಂದ.
ಆ ವಾರವೆಲ್ಲ ಸುಟ್ಟ ಮನೆಯ ಸುದ್ದಿಗೆ ಕಿವಿಗೊಟ್ಟೆ.
ಎಲ್ಲೂ ಇಲ್ಲ.

ಮತ್ತೆ ಬಂದವು. ಒಮ್ಮೆ ಮೂರು, ಒಮ್ಮೆ ಏಳು.
ವೇಬಿಲ್ಲಿನ ಬೆನ್ನಿಗೆ ತಾರೀಖು ಬರೆದಿಟ್ಟೆ.
ಎರಡು ತಿಂಗಳಾದ ಮೇಲೆ
ಗೋಡೆಯ ಕ್ಯಾಲೆಂಡರಿಗೆ ಹಿಡಿದು ನೋಡಿದರೆ
ಎಲ್ಲ ಅಮಾವಾಸ್ಯೆಯ ಆಚೀಚೆ, ಹುಣ್ಣಿಮೆಯ ಆಚೀಚೆ.
ಮೈ ಜುಮ್ಮೆಂದಿತು. ಹೆಂಡತಿ ನಕ್ಕಳು:
"ಭೂತ ಗೀತ ಏನಲ್ಲ, ಆಗ ಇಳಿತ ಜಾಸ್ತಿ.
ಹೊಳೆ ಹಿಂದೆ ಸರೀತದೆ, ಬಳಚು ಹೆಕ್ಕೋರು ಇಳೀತಾರೆ."

ಮರು ಅಮಾವಾಸ್ಯೆ. ಸದಾಶಿವಗಡದಲ್ಲಿ ಹತ್ತಿದಳು
ಸುಲೋಚನಾ ತಾಂಡೇಲ, ಮೊಣಕಾಲವರೆಗೆ ಒಣಗಿದ ಕೆಸರು.
ಅವಳಿಗೆ ಸೊನ್ನೆ ಟಿಕೆಟು, ಬುಟ್ಟಿಗೆ ಹತ್ತು.
ಸೆರಗಿನ ಗಂಟು ಬಿಚ್ಚಿ ಎರಡು ಕರೀ ಐದು ಕೊಟ್ಟಳು.
ಕೇಳಿದೆ.
"ಸೇತುವೆ ಬುಡದ ರಾಡಿ, ಮತ್ತೇನು?
ಕೊಳೆತ ಮೊಟ್ಟೆ ವಾಸನೆ ಬರ್ತದಲ್ಲ, ಅದೇ.
ಬಳಚಿಗೆ ಕೈ ಹಾಕಿದ್ರೆ ದುಡ್ಡೂ ಸಿಗ್ತದೆ.
ಒಂದು ವರ್ಷ ಅದ್ರಲ್ಲಿ ಬಿದ್ಕೊಂಡ್ರೆ ನೀನೂ ಕರೀ ಆಗ್ತೆ."

ಬಸ್ಸು ಆಗಲೇ ಕಾಳಿಯ ಮೇಲಿತ್ತು.
ಮೂರನೇ ಸೀಟಿನ ಹುಡುಗ, ಮಡಿಲಲ್ಲಿ ಎಕ್ಸ್‌ರೇ ಕವರು,
ಕಿಟಕಿಯಾಚೆ ಕೈ ಚಾಚಿ ಬಿಟ್ಟ, ಕಣ್ಣು ಮುಚ್ಚಿದ.
ಹಂಕೋಣದಲ್ಲಿ ಅವನಿಗೆ ಚಿಲ್ಲರೆ ಕೊಟ್ಟದ್ದು ನಾನೇ.
ಸುಲೋಚನಾ ಕತ್ತು ಉದ್ದ ಮಾಡಿ ನೋಡಿದಳು. ನಾನೂ.
ಎಷ್ಟನೇ ಕಂಬದ ಹತ್ತಿರ ಬಿತ್ತು ಎಂದು
ಇಬ್ಬರೂ ಎಣಿಸಿದೆವೋ ಏನೋ,
ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಈಗ ಅವನ್ನು ಮಹಾಲೆಯವರಿಗೆ ತೋರಿಸುವುದಿಲ್ಲ.
ಕೋಡಿಬಾಗದಲ್ಲಿ ಕಾಮತರ ಚಹಾಕ್ಕೆ ಕೊಡುತ್ತೇನೆ.
ನಿನ್ನೆ ಅವರು ಬಲ್ಬಿನ ಕೆಳಗೆ ಹಿಡಿದು, ತಿರುಗಿಸಿ, ಕೇಳಿದರು:
"ಸುಟ್ಟದ್ದಾ ಇದು?"
"ಅಲ್ಲ ಮಾರಾಯ್ರೆ, ನೆನೆದದ್ದು."