ಖಾಲಿ ಕೊಡಬಾರದು

ಎರಡು ಖೋಲಿ. ಅದರಾಗ ಒಂದು ಅಡಗಿದು.
ಕಲಬುರಗಿ ಸ್ಟೇಷನ್ ಬಜಾರದ ಹಿಂದ, ಮ್ಯಾಲಿನ ಮಾಳಿಗಿ.
ನಮ್ಮವರು ಹೋಗಿ ಹಗ್ಗದಲೆ ಅಳದು ಬಂದಾರ,
ಹಗ್ಗಕ್ಕ ಮೂರು ಗಂಟು ಹಾಕ್ಯಾರ:
ಪಲ್ಲಂಗದ್ದೊಂದು, ಅಲಮಾರಿದೊಂದು,
ಮೂರನೇದು ಮೆಟ್ಟಲ ತಿರುವಿಂದು.
"ಗಂಟು ದಾಟಿದ್ದು ಶಹಾಬಾದದಾಗೇ ಉಳೀತದ" ಅಂದ್ರು,
ಅಂದು, ಹಗ್ಗಾ ಕಿಸೆದಾಗ ಇಟಗೊಂಡ್ರು.

ಫ್ಯಾಕ್ಟರಿ ಭೋಂಗಾ ಬಾಯಿ ಮುಚ್ಚಿ ಯಾವ ಕಾಲ ಆತೊ.
ಕ್ವಾರ್ಟರ್ಸ್ ಬಿಡ್ರಿ ಅನ್ನೋ ಕಾಗದ ಮಾತ್ರ
ಈಗ ದಾರಿ ಹುಡಿಕ್ಯಾಡಿ ಬಂದದ.

ಖಾಜಾಮಿಯಾ ಬಂದ, ತಳ್ಳುಬಂಡಿ, ಕೊಕ್ಕಿ ಕಾಟಾ.
ಮೊದಲ ಪ್ಯಾಕಿಂಗಿನಾಗ ಚೀಲ ಎಣಸತಿದ್ದ,
ಈಗ ಮನಿ ತೂಗತಾನ.
ತಾಮ್ರ ಬ್ಯಾರೆ, ಹಿತ್ತಾಳಿ ಬ್ಯಾರೆ,
ಸ್ಟೀಲು ಬ್ಯಾರೆ, ಜರ್ಮನ್ನು ಬ್ಯಾರೆ ಇಡ್ರಿ ಬಾಯಿ, ಅಂದ.
ಎಲ್ಲಾದರ ತಳದಾಗೂ ಒಂದೇ ಬೂದಿಬಣ್ಣ,
ತಿಕ್ಕಿದಷ್ಟೂ ಹೋಗದ ಸಿಮೆಂಟು.

ಶಾವಿಗಿ ಮಣಿ ಹೋತು.
ಸಣ್ಣ ಪಲ್ಲಂಗ ಎದುರ ಲೈನಿನ ಮಾಪಣ್ಣ ಒಯ್ದ,
ರೊಕ್ಕ ಬ್ಯಾಸಗಿಗಿ ಕೊಡತೀನಂದ.
ಯಾವ ಬ್ಯಾಸಗಿ ಅಂತ ಕೇಳಲಿಲ್ಲ ನಾ.
ನೂರು ಮಂದಿ ಊಟದ ಹಂಡೆ ಹೋತು.
ನೂರು ಮಂದಿ ಎಂದೂ ಬರಲಿಲ್ಲ ಖರೇ,
ಬಂದ್ರ? ಅನ್ನೋದೊಂದು ಅಂಜಿಕಿ
ಇಷ್ಟು ವರ್ಷ ಅಟ್ಟದ ಮ್ಯಾಲ ಡಬ್ಬ ಬಿದ್ದಿತ್ತು.

ಮುಯ್ಯಿ ತಾಟು ಹೊರಗ ಬಂದ್ವು.
ಚುಕ್ಕಿ ಚುಕ್ಕಿ ಅಕ್ಷರ: ಹಲಕರ್ಟಿ ಸೋದರಮಾವ,
ಮಳಖೇಡದ ದೊಡ್ಡವ್ವ, ಗಾಣಿಗೇರ ರಾಚಮ್ಮ.
ಮಾವನ ತಾಟಿನ ಮ್ಯಾಲ ಕೆತ್ತಾವ ಸೊನ್ನಿ ಮರತಿದ್ದ,
ಇಂದುಬಾಯಿ ಹೋಗಿ ಇದುಬಾಯಿ.
ಮೂವತ್ತೊಂದು ವರ್ಷ ಆ ತಾಟಿನಾಗ ಉಂಡೀನಿ,
ಇದು ಆಗಿ.
ಕಾಟಾದ ಮ್ಯಾಲ ನಾಕುನೂರಾ ಎಂಬತ್ತು ಗ್ರಾಂ.

ಖಾಲಿ ಭಾಂಡಿ ಕೊಡಬಾರದು ಅಂತಿದ್ಲು ಅತ್ತಿ.
ಬಾಜೂ ಮನಿ ಬಟ್ಟಲ ತಿರುಗಿ ಹೋಗುವಾಗ
ಏನಿಲ್ಲಂದ್ರ ನಾಕು ಹಳಕು ಸಕ್ರಿ.
ಅದಕ್ಕ ಒಂದೊಂದು ಕೊಡದಾಗ, ಒಂದೊಂದು ಬೋಗೋಣಿಯಾಗ
ಹಿಡಿ ಹಿಡಿ ಜ್ವಾಳಾ ಹಾಕಿ ಇಟ್ಟಿದ್ದೆ.
"ಬಾಯಿ, ಕಾಳಿನ ತೂಕ ಕಳೀಬೇಕಾಗ್ತದ."
ಕಳಿ, ಅಂದೆ.
ಅವ ಪ್ರತಿ ಸಲ ತನ್ನ ಟವೆಲ್ಲಿಗೆ ಸುರೀತಾ ಹೋದ.
ಕಾಟಾದ ಮುಳ್ಳು ನಡಗೋದು ನಿಂದರೋ ತನಕ
ನಾ ನೋಡತಾ ಕುಂತೆ.

ಕಡೀಕ ಅಟ್ಟದ ಮೂಲಿಯಿಂದ ಒಂದು ಪತೇಲಿ,
ಕಲಾಯಿ ಹೋದದ್ದು, ಅಂಚಿನ ಮ್ಯಾಲ ಉರ್ದು ಬರಹ.
ನನಗ ಓದಾಕ ಬರಂಗಿಲ್ಲ. ಅವ ಬೆರಳಾಡಿಸಿ ಓದಿದ:
ಜೈನಬ.

ಹಿಂದಿನ ಲೈನಿನ ಜೈನಬಬೀ.
ರಂಜಾನಿಗೆ ಶೀರಖುರ್ಮಾ ಕಳಿಸಿದ್ದಳು,
ಮ್ಯಾಲ ಚಾರೋಳಿ ತೇಲತಿದ್ದವು.
ತೊಳದು ಒರಸಿ ಇಟ್ಟಿದ್ದೆ. ಖಾಲಿ ಹ್ಯಾಂಗ ಕೊಡೋದು?
ಆ ವರ್ಷ ಪಗಾರ ನಿಂತಿತ್ತು.
ಎಳ್ಳಮಾಸಿಗಿ ಭಜ್ಜಿ ತುಂಬಿ ಕೊಡೋಣ ಅಂದೆ.
ಸಂಕ್ರಾಂತಿಗಿ ಎಳ್ಳಹೋಳಿಗಿ ಅಂದೆ, ಎಳ್ಳಿರಲಿಲ್ಲ.
ಯುಗಾದಿ, ಅಂದೆ.
ಅಷ್ಟರಾಗ ಅವರು ರಾತ್ರೋರಾತ್ರಿ ಸಾಮಾನು ಹೇರಕೊಂಡು
ಹೋಗಿದ್ರು. ಕಿರಾಣಿ ಬಾಕಿ ಭಾಳ ಇತ್ತಂತ.
ಬಾಗಿಲ ಮುಂದ ಕೋಳಿಬುಟ್ಟಿ ಉಲ್ಟಾ ಬಿದ್ದಿತ್ತು.
ಎತ್ತಿ ನೋಡಿದೆ, ಏನಿತ್ತಂತ ನೋಡಿದೆನೊ ಗೊತ್ತಿಲ್ಲ.

"ಯಾದಗಿರಿಯಾಗ ಮಗಳ ಮನ್ಯಾಗ ಅದಾಳಂತ ಕೇಳಿದ್ದೆ,
ಐದಾರು ವರ್ಷದ ಮಾತು" ಅಂದ ಖಾಜಾಮಿಯಾ.
ಪತೇಲಿ ಕಾಟಾಕ್ಕ ಹಾಕಲಿಲ್ಲ, ನನ್ನ ಕೈಗೇ ಕೊಟ್ಟ.
ಜ್ವಾಳದ ಟವೆಲ್ಲು ಗಂಟು ಕಟ್ಟಿ, ಬಂಡಿ ನೂಕಕೋತ
ಫರಸಿ ಓಣಿಯಾಗ ಖಣಖಣ ಅನಸ್ತಾ ಹೊಂಟ.

ನಮ್ಮವರು ಹಗ್ಗಾ ತಗದು ಪತೇಲಿ ಬಾಯಿಗೆ ಹಿಡದ್ರು.
ಯಾವ ಗಂಟಿನ ಲೆಕ್ಕಕ್ಕೂ ಹತ್ತಲಿಲ್ಲ.
"ನಮ್ಮದಲ್ಲ, ಮಾರಂಗಿಲ್ಲ," ಅಂದ್ರು, "ಇಡಾಕ ಜಾಗಾ ಇಲ್ಲ."
ತೊಡಿ ಮ್ಯಾಲ ಇಟಗೋತೀನಿ, ಅಂದೆ.
"ಎಲ್ಲೀ ತನಕ?"
ಟೆಂಪೋದವ ಹಾರ್ನ್ ಹೊಡದ.
ಹತ್ತೋ ಮುಂದ ನಮ್ಮವರು ಆ ಹಗ್ಗಾ ಸುತ್ತಿ ಸುತ್ತಿ
ಪತೇಲಿಯಾಗ ಹಾಕಿದ್ರು.
"ಸದ್ಯಕ್ಕ ಇದಿರಲಿ" ಅಂದ್ರು.