ಖಾನೆಯೊಳಗಿನ ನೀಲಿ

ನಮ್ಮ ಕೈಫೆಂಗಿನ ಕೆಳಗೆ ಇನ್ನೂ ಐದು ಊರುಗಳಿವೆಯಂತೆ,
ಹಳದಿ ನದಿ ಮೈಮರೆತಾಗಲೆಲ್ಲ
ಹೂಳು ಹೊದಿಸಿ ಮಲಗಿಸಿದ ಊರುಗಳು.
ನನ್ನ ಕೆಲಸವೂ ಅಂಥದ್ದೇ, ಅಳತೆ ಬೇರೆ:
ಗಾಜಿನ ಮೇಲೊಂದು ಪದರ, ಪದರದ ಮೇಲೊಂದು,
ಎಲ್ಲ ಸೇರಿದರೂ ಕೂದಲೆಳೆಯ ನಾನೂರನೆಯ ಪಾಲು.

ಮೊದಲು ಬಲ್ಬಿನ ಕಾರ್ಖಾನೆಯಲ್ಲಿದ್ದೆ, ಹದಿನೇಳು ವರ್ಷ.
ಸುರುಳಿ ತಂತಿಗೆ ಉಸಿರು ತಾಗದಂತೆ ಕೂರಿಸಿ
ಬುರುಡೆ ಮುಚ್ಚಿ, ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಿದ್ದೆ.
ನೂರು ಪಾಲು ಕರೆಂಟಿಗೆ ಐದು ಪಾಲು ಬೆಳಕು, ಉಳಿದದ್ದು ಬಿಸಿ.
ಚಳಿಗಾಲದಲ್ಲಿ ಆ ಬಿಸಿಯನ್ನು ಯಾರೂ ನಷ್ಟವೆನ್ನಲಿಲ್ಲ,
ಪರೀಕ್ಷೆಯ ಮೇಜಿನ ಮೇಲೆ ಬಾವೋಜಿ ಬೆಚ್ಚಗಿಟ್ಟು ತಿಂದಿದ್ದೇವೆ.

ಕಾರ್ಖಾನೆ ಮುಚ್ಚಿತು. ಈಗ ವಿಶ್ವವಿದ್ಯಾಲಯದ ನಾಲ್ಕನೆಯ ಮಹಡಿ.
ಗಾಜಿನ ಚೂರು ತೊಳೆಯುವವಳು, ನೈಟ್ರೋಜನ್ ಪೆಟ್ಟಿಗೆಯ
ಕರಿ ರಬ್ಬರಿನ ತೋಳುಗಳೊಳಗೆ ಕೈ ತೂರಿಸಿ
ಅಂಟು ಹಚ್ಚಿ ಮುಚ್ಚಳ ಮುಚ್ಚುವವಳು,
ಯಾನ್ ಶುಮಿಯನ್. ಹಾಜರಿ ಪುಸ್ತಕದಲ್ಲಿ ಬರೀ 'ಸಹಾಯಕಿ'.

ಚ್ಯೂ ಯುಹೆಗೆ ಇಪ್ಪತ್ತಾರು. ಅವನ ಪಾಲಿಗೆ ಬಂದದ್ದು ನೀಲಿ.
ಕೆಂಪು ಸುಲಭವಂತೆ, ಹಸಿರು ಹೇಳಿದ ಮಾತು ಕೇಳುತ್ತದಂತೆ.
ಚುಕ್ಕಿ ಹಿಗ್ಗಿದರೆ ಕೆಂಪು, ಕುಗ್ಗಿದರೆ ನೀಲಿ;
ಕುಗ್ಗಿದಷ್ಟೂ ಮೈಯೆಲ್ಲ ಹೊರಮೈ,
ಎಲ್ಲಿ ಮುಟ್ಟಿದರೂ ಗಾಯ,
ಗಾಯದೊಳಗೆ ಬಿದ್ದದ್ದು ಬೆಳಕಾಗಿ ಮೇಲೆ ಬರುವುದಿಲ್ಲ.
ಅದಕ್ಕೇ ಸಿಪ್ಪೆ ಬೇಕು. ದಪ್ಪವಾದರೆ ಏನೂ ಒಳಗೆ ನುಗ್ಗದು,
ತೆಳುವಾದರೆ ಒಳಗಿನದು ನಿಲ್ಲದು.
"ಸೂಪು ತುಂಬಿದ ನಮ್ಮೂರ ಬಾವೋಜಿಯ ಹಾಗೆ" ಅಂದೆ.
ನಕ್ಕ. ಬರೆದುಕೊಳ್ಳಲಿಲ್ಲ.

ಆಮೇಲೆ ಎಲೆಕ್ಟ್ರಾನುಗಳ ಕಾಟ. ಸತುವಿನ ಬಾಗಿಲು ದಾಟಿ
ಓಡಿ ಬರುತ್ತವೆ, ಕರೆಯದೆ ಬಂದ ನೆಂಟರು.
ಎದುರಿನಿಂದ ಬರಬೇಕಾದ ರಂಧ್ರಗಳಿಗೆ
ಮೆಟ್ಟಿಲಿನಲ್ಲೇ ಏದುಸಿರು.
ಇಬ್ಬರು ಕೂಡಿದರೆ ಬೆಳಕು.
ಮೂರನೆಯವನೊಬ್ಬ ಆಗಲೇ ಒಳಗೆ ಕೂತಿದ್ದರೆ
ಆ ಬೆಳಕಷ್ಟನ್ನೂ ತಾನೇ ಎತ್ತಿಕೊಂಡು
ಬಿಸಿಯಾಗಿ, ಸದ್ದಿಲ್ಲದೆ, ಎದ್ದುಹೋಗುತ್ತಾನೆ.
ಪುಸ್ತಕದಲ್ಲಿ ಇದಕ್ಕೊಂದು ಹೆಸರಿದೆ. ನಮ್ಮ ಓಣಿಯಲ್ಲೂ ಇದೆ.

ಯುಹೆ ನಡುವೆ ಅಡ್ಡಗೋಡೆ ಎಳೆದ,
ಏನನ್ನೂ ಹರಿಯಗೊಡದ ಪ್ಲಾಸ್ಟಿಕ್ಕಿನ ಪೊರೆ, ಆರು ನ್ಯಾನೋಮೀಟರ್.
ಓಟ ತಗ್ಗಿತು. ನೂರಕ್ಕೆ ನಾಲ್ಕಿದ್ದದ್ದು ಏಳಾಯಿತು.
ಏಳರಿಂದ ಮೇಲೇಳಲಿಲ್ಲ.
ಮಾರ್ಚ್ ಹೋಯಿತು, ಸೇವಂತಿಗೆಯ ಅಕ್ಟೋಬರ್ ಬಂತು,
ಊರೆಲ್ಲ ಹಳದಿ, ಅವನ ಮುಖವೂ.
ಒಂದು ರಾತ್ರಿ ಒಂಬತ್ತು ಗಾಜುಗಳನ್ನು ಕಸದ ಡಬ್ಬಿಗೆ ಸುರಿದು
ಬಾಗಿಲನ್ನೂ ಹಾಕದೆ ಹೊರಟುಹೋದ.

ನಾನು ಎತ್ತಿಟ್ಟೆ. ಕರುಣೆಯಿಂದಲ್ಲ.
ಕಾರ್ಖಾನೆಯ ರೂಢಿ: ಎರಡು ಸಲ ಉರಿಸಿ ನೋಡದೆ
ಯಾವ ಬಲ್ಬನ್ನೂ ಒಡೆಯುವಂತಿಲ್ಲ, ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು.
ಚಹಾ ಡಬ್ಬಿಯ ಪಕ್ಕ, ಮೇಜಿನ ಖಾನೆಯ ಕತ್ತಲಲ್ಲಿ
ಒಂಬತ್ತು ನೀಲಿಗಳು.

ಎಂಟನೆಯ ದಿನ ಬೆಳಗ್ಗೆ, ಯಂತ್ರ ಬಿಸಿಯಾಗಲೆಂದು,
ಬರೀ ಅದಕ್ಕೆಂದು, ಒಂದನ್ನು ಹಿಡಿಕೆಗೆ ಸಿಕ್ಕಿಸಿದೆ.
ಹದಿಮೂರು.
ಒರೆಸಿ ಮತ್ತೆ ಇಟ್ಟೆ.
ಹದಿಮೂರು ಪಾಯಿಂಟ್ ಎರಡು.

ಯುಹೆ ನಂಬಲಿಲ್ಲ. ಮಾಪಕವನ್ನು ಬೈದ, ನನ್ನ ಬೆರಳುಗಳನ್ನು ನೋಡಿದ,
ಒಂಬತ್ತನ್ನೂ ಅಳೆದ. ಎರಡು ಸತ್ತಿದ್ದವು.
ಏಳು ಎದ್ದಿದ್ದವು.

ಅಲ್ಲಿಂದ ಮೂರು ವಾರ ಅವನಿಗೆ ನಿದ್ದೆಯಿಲ್ಲ:
ನಾನು ಹಚ್ಚಿದ ಅಂಟಿನ ಹುಳಿ ಒಳಗಿಳಿಯಿತೋ,
ಅಲ್ಯೂಮಿನಿಯಂ ಸತುವಿನ ಅಂಚಿಗೆ ಒಗ್ಗಿಕೊಂಡಿತೋ,
ಗಾಯಗಳು ಕತ್ತಲಲ್ಲಿ ತಾವಾಗಿ ಮಾಯ್ದವೋ.
ಮೂರಕ್ಕೂ ಪ್ರಯೋಗ ಹೂಡಿದ.
ಒಂದು ಹೌದು, ಒಂದು ಅಲ್ಲ, ಒಂದು ಇನ್ನೂ ಗೊತ್ತಿಲ್ಲ.

ನನ್ನನ್ನೂ ಕೇಳಿದ: "ಆಯಿ, ಖಾನೆಯಲ್ಲಿ ಬೇರೆ ಏನಿತ್ತು?"
ಚಹಾ, ಸೂಜಿದಾರ, ಮಂಡಿನೋವಿನ ಮುಲಾಮು, ಹಳೇ ಬಲ್ಬೊಂದು.
ಎಲ್ಲವನ್ನೂ ಬರೆದುಕೊಂಡ, ಮುಲಾಮಿನ ಕಂಪನಿಯ ಹೆಸರು ಸಮೇತ.
ಆ ಬಲ್ಬು ಉರಿಯುತ್ತದೆಯೇ ಎಂದು ಮಾತ್ರ ಕೇಳಲಿಲ್ಲ.

ಉರಿಯುತ್ತದೆ. ನೂರಕ್ಕೆ ಐದು.
ಡಿಸೆಂಬರಿನಲ್ಲಿ ಅದರ ಸುತ್ತ ಕೈ ಹಿಡಿಯುತ್ತೇನೆ.